ಎರಡು ಎಡತೋಳು

ನನ್ನ ಅಡ್ಡಹೆಸರು ಎಡತೋಳು. ಇಟ್ಟವಳು ಅಜ್ಜಿ, ಅಮ್ಮನ ಅಮ್ಮ. ಹನ್ನೆರಡು ವರ್ಷದ ಹಿಂದೆ, ನಮ್ಮ ಹೊಲಿಗೆ ಅಂಗಡಿಯಲ್ಲಿ ನಾನು ಕತ್ತರಿ ಹಿಡಿದ ಮೊದಲ ವಾರ, ಬಸ್ ಕಂಡಕ್ಟರೊಬ್ಬರ ಕೋಟಿಗೆ ಎರಡು ತೋಳು ಕತ್ತರಿಸಿದೆ. ಎರಡೂ ಎಡಗೈಯವೇ. ಕಾಗದದ ಮಾದರಿಯನ್ನು ಬಟ್ಟೆಯ ಮೇಲಿಟ್ಟು ಒಂದು ತೋಳು ಕತ್ತರಿಸಿದ ಮೇಲೆ, ಇನ್ನೊಂದಕ್ಕೆ ಅದೇ ಕಾಗದವನ್ನು ಮಗುಚಿ ಇಡಬೇಕು. ನಾನು ಮಗುಚಿರಲಿಲ್ಲ.

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಎರಡೂ ತೋಳನ್ನು ನನ್ನ ಎಡಗೈಗೆ ಒಂದರ ಮೇಲೊಂದು ತೊಡಿಸಿ, ಬಂದ ಗಿರಾಕಿಗಳೆಲ್ಲ ನೋಡುವ ಹಾಗೆ ಬಾಗಿಲ ಬಳಿ ನಿಲ್ಲಿಸಿ, "ಕಂಡಕ್ಟ್ರಿಗೆ ಇನ್ನೊಂದು ಎಡಗೈ ಹುಟ್ಟೋವರೆಗೂ ಈ ಕೋಟು ಇಲ್ಲೇ ನೇತಾಡ್ತಿರ್ಲಿ" ಅಂದಳು. ಆಮೇಲೆ ಆ ಮಾದರಿ ಕಾಗದವನ್ನು ಎರಡು ಬೆರಳಲ್ಲಿ ಹಿಡಿದು, ಟಪ್ಪೆಂದು ಮಗುಚಿ ಮೇಜಿನ ಮೇಲಿಟ್ಟು, ಅದರ ಮೇಲೆ ತೋರುಬೆರಳಿನಿಂದ ಒಂದು ಸಲ ಬಡಿದಳು. ಪಾಠ ಅಷ್ಟೇ.

ಕೋಪ ನನಗೆ ಮೂಗಿನ ತುದಿಯಲ್ಲಿ. ನಾನು ಸುಮ್ಮನಿರಲಿಲ್ಲ. "ನಾನಿವತ್ತು ಪ್ರಾರ್ಥನೆ ಮಾಡ್ದೆ ಕತ್ತರಿ ಹಾಕ್ದೆ, ಅದಕ್ಕೇ ಹೀಗಾಯ್ತು" ಅಂದೆ. ನಮ್ಮ ಅಂಗಡಿಯಲ್ಲಿ ದಿನದ ಮೊದಲ ಬಟ್ಟೆ ಕತ್ತರಿಸುವ ಮುಂಚೆ ಅಜ್ಜಿ ಅಂಗೈಯನ್ನು ಬಟ್ಟೆಯ ಮೇಲಿಟ್ಟು, ಕಣ್ಣು ಮುಚ್ಚಿ, ಒಂದೇ ಒಂದು ಮಾತು ಹೇಳುತ್ತಿದ್ದಳು: "ಕೊಟ್ಟೋನು ನೀನು, ಕತ್ತರಿಸೋಳು ನಾನು, ಕೈ ಮಾತ್ರ ನಿಂದಿರ್ಲಿ." ಅದನ್ನು ಹೇಳದೆ ಅವಳು ಕರವಸ್ತ್ರ ಕೂಡ ಕತ್ತರಿಸಿದವಳಲ್ಲ.

ನನ್ನ ನೆಪ ಕೇಳಿ ಅಜ್ಜಿ ನಕ್ಕಳು. "ದೇವ್ರ ಮೇಲೆ ಯಾಕೆ ಹಾಕ್ತೀಯೇ? ಕೈ ಹಿಡಿಯೋದು ಅವನ ಕೆಲಸ. ಕಾಗದ ಮಗುಚೋದು ನಿನ್ನ ಕೆಲಸ. ಅವನ ಕೆಲಸ ಅವನು ಸರಿಯಾಗೇ ಮಾಡಿದಾನೆ, ನಿನ್ನ ಬೆರಳು ಹತ್ತೂ ಹಾಗೇ ಇವೆಯಲ್ಲ."

ಅವತ್ತಿನಿಂದ ನಾನು ಎಡತೋಳು. ಗಿರಾಕಿಗಳ ಮುಂದೆ, ಬೀದಿಯಲ್ಲಿ, ನನ್ನ ಸ್ನೇಹಿತೆಯರ ಎದುರಿಗೆ. ಕರೆದಾಗಲೆಲ್ಲ ನಾನು ಉರಿದುಬೀಳುತ್ತಿದ್ದೆ. ಉರಿದುಬಿದ್ದಷ್ಟೂ ಅವಳು ಕರೆಯುತ್ತಿದ್ದಳು.

ಹನ್ನೊಂದು ದಿನದ ಹಿಂದೆ, ಬೆಳಿಗ್ಗೆ, ಬಟ್ಟೆಯ ಮೇಲೆ ಅಂಗೈಯಿಟ್ಟು ಪ್ರಾರ್ಥನೆ ಶುರುಮಾಡಿದ ಅಜ್ಜಿ "ಕೊಟ್ಟೋನು ನೀನು" ಅನ್ನುವಷ್ಟರಲ್ಲಿ ನಿಂತುಬಿಟ್ಟಳು. ಬಲಗೈಯಿಂದ ಕತ್ತರಿ ಜಾರಿ ನೆಲಕ್ಕೆ ಬಿತ್ತು. ಅಜ್ಜಿ ಕತ್ತರಿ ಬೀಳಿಸಿದ್ದನ್ನು ನಾವು ಯಾರೂ ಯಾವತ್ತೂ ನೋಡಿದವರಲ್ಲ. ಬಾಯಿಯ ಬಲಗಡೆ ಕೆಳಗೆ ಜೋತುಬಿದ್ದಿತ್ತು. ನನ್ನ ಸೋದರಮಾವ ಗುಂಡಿಯ ಕಾಜಾ ಹಾಕುವುದನ್ನು ಬಿಟ್ಟು ಓಡಿಬಂದು ಅವಳನ್ನು ಎತ್ತಿಕೊಂಡ. ಅಮ್ಮ ಅಂಗಡಿಯ ಬಾಗಿಲನ್ನೂ ಹಾಕದೆ ಗಾಡಿ ನಿಲ್ಲಿಸಲು ರಸ್ತೆಯ ಮಧ್ಯಕ್ಕೆ ಹೋಗಿ ನಿಂತಳು.

ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದರು ಆಸ್ಪತ್ರೆಯಲ್ಲಿ. ಜೀವ ಉಳಿಯಿತು. ಬಲಗೈ, ಬಲಗಾಲು ಹೋದವು. ಮಾತು ಹೋಯಿತು. ನಾವು ಹೇಳಿದ್ದು ಅರ್ಥವಾಗುತ್ತಿತ್ತು, ಕಣ್ಣು ನೋಡಿದರೇ ಗೊತ್ತಾಗುತ್ತಿತ್ತು, ಆದರೆ ಬಾಯಿಂದ ಬರುತ್ತಿದ್ದದ್ದು ಬರೀ ಉಸಿರು. ಮೂಗಿನಲ್ಲಿ ಒಂದು ನಳಿಕೆ, ಊಟವೆಲ್ಲ ಅದರಲ್ಲೇ.

ಸೋಮವಾರ ಡಾಕ್ಟರು ನಮ್ಮ ಮೂವರನ್ನೂ ಕರೆದರು. ಒಳ್ಳೆಯ ಮನುಷ್ಯ, ಆದರೆ ಕೋಟಿನ ಭುಜ ಒಂದು ಬೆರಳು ಇಳಿದಿತ್ತು. ಅವರು ಮಾತಾಡುವಷ್ಟು ಹೊತ್ತೂ ನನ್ನ ಕಣ್ಣು ಅಲ್ಲೇ. ಬೇರೆಲ್ಲಾದರೂ ನೋಡಿದರೆ ಅತ್ತುಬಿಡುತ್ತಿದ್ದೆ.

"ಮೂಗಿನ ನಳಿಕೆ ತುಂಬಾ ದಿನ ಇಡೋಕಾಗಲ್ಲ" ಅಂದರು. "ಗುರುವಾರ ಹತ್ತು ಗಂಟೆಗೆ ನುಂಗೋ ಪರೀಕ್ಷೆ. ಎಕ್ಸ್‌ರೇ ಮುಂದೆ ಕೂರಿಸಿ ಮೂರು ಚಮಚ ಕೊಡ್ತೀವಿ. ಹೊಟ್ಟೆಗೆ ಇಳಿದ್ರೆ ಸರಿ. ಶ್ವಾಸಕೋಶದ ಕಡೆ ಹೋದ್ರೆ, ಶುಕ್ರವಾರ ನೇರ ಹೊಟ್ಟೆಗೇ ನಳಿಕೆ ಹಾಕ್ಬೇಕು."

"ಹಾಕಿದ್ರೆ ಮತ್ತೆ ಬಾಯಲ್ಲಿ ತಿನ್ನೋದು ಯಾವಾಗ ಡಾಕ್ಟ್ರೇ?" ಅಂದಳು ಅಮ್ಮ.

"ಎಂಬತ್ತೊಂದು ವಯಸ್ಸು. ಕೆಲವರು ತಿಂತಾರೆ. ಹೆಚ್ಚಿನವರು ಇಲ್ಲ. ನಿಮಗೆ ಸುಳ್ಳು ಹೇಳಲ್ಲಮ್ಮ."

ಅಜ್ಜಿ ದಿನಕ್ಕೆ ಆರು ಲೋಟ ಚಹಾ ಕುಡಿಯುವವಳು. ಬಾಯಿ ಸುಡುವ ಹಾಗಿರಬೇಕು. "ನನ್ನ ಬಾಯಿ ಮುಚ್ಚಿದ ದಿನ ಅಂಗಡೀನೂ ಮುಚ್ಚಿಬಿಡಿ" ಅನ್ನುತ್ತಿದ್ದಳು. ಡಾಕ್ಟರ ಕೋಣೆಯಿಂದ ಹೊರಗೆ ಬಂದಾಗ ಮಾವನ ಕೈಯಲ್ಲಿ ಒಪ್ಪಿಗೆ ಪತ್ರ ಇತ್ತು.

"ಈಗಲೇ ಸಹಿ ಹಾಕ್ಬಿಡೋಣ" ಅಂದ ಮಾವ. "ಅವಳನ್ನ ಯಾಕೆ ಸುಮ್ನೆ ಹಿಂಸೆ ಮಾಡೋದು?"

"ಹಾಕಿ ನೋಡು" ಅಂದೆ ನಾನು. ದೊಡ್ಡವರ ಮುಂದೆ ಹಾಗೆ ಮಾತಾಡಬಾರದು, ಗೊತ್ತು. ನಾಲಿಗೆಗೆ ಎಲುಬಿಲ್ಲ. "ಇನ್ನೂ ಮೂರು ದಿನ ಇದೆ. ಕೋಟು ಹಾಳಾಗುತ್ತೆ ಅಂತ ಹೊಲಿಯೋ ಮುಂಚೇನೇ ಹರಿದುಹಾಕ್ತೀಯಾ?"

ಅಮ್ಮ ಪತ್ರವನ್ನು ಮಾವನ ಕೈಯಿಂದ ತೆಗೆದುಕೊಂಡು ನಾಲ್ಕು ಮಡಿಕೆ ಮಡಿಸಿ ತನ್ನ ಚೀಲಕ್ಕೆ ಹಾಕಿಕೊಂಡಳು. "ಗುರುವಾರದವರೆಗೂ ದೇವ್ರಿಗೂ ಟೈಮ್ ಕೊಡೋಣ, ನಮಗೂ ಕೊಟ್ಕೊಳೋಣ" ಅಂದಳು. ಅಮ್ಮ ಜಾಸ್ತಿ ಮಾತಾಡುವವಳಲ್ಲ. ಅವಳು ಒಂದು ಮಾತು ಆಡಿದರೆ ಅದರ ಮೇಲೆ ನಾವು ಯಾರೂ ಮಾತಾಡುವುದಿಲ್ಲ.

ಅವತ್ತೇ ಸರದಿ ಹಾಕಿಕೊಂಡೆವು. ಬೆಳಿಗ್ಗೆ ಅಮ್ಮ, ಮಧ್ಯಾಹ್ನ ನಾನು, ಸಂಜೆ ಮಾವ. ನುಂಗುವುದನ್ನು ಕಲಿಸುವ ಥೆರಪಿಸ್ಟ್ ಹುಡುಗಿ ವಾರಕ್ಕೆ ಎರಡೇ ದಿನ ನಮ್ಮ ವಾರ್ಡಿಗೆ ಬರುವುದು, ಸೋಮವಾರ ಮತ್ತು ಗುರುವಾರ. ಸೋಮವಾರ ಅವಳು ಬಂದಾಗ ಮಾವ ಒಬ್ಬನೇ ಇದ್ದ, ಅಜ್ಜಿ ಔಷಧಿಯ ಮಂಪರಿನಲ್ಲಿ ನಿದ್ದೆ ಮಾಡುತ್ತಿದ್ದಳು. ಹುಡುಗಿ ಅವಸರದಲ್ಲಿ ಎಲ್ಲ ವಿವರಿಸಿ, ತೆಳ್ಳನೆಯ ಕಾಗದದ ಮೇಲೆ ದಪ್ಪ ಪೆನ್ನಿನಿಂದ ಒಂದು ಚಿತ್ರ ಬರೆದು, ಮಂಚದ ತಲೆಯ ಕಡೆ ಗೋಡೆಗೆ ಅಂಟಿಸಿ ಹೋಗಿದ್ದಳು. ಮಾವ ಮಾತಿಗಿಂತ ಚಿತ್ರ ನಂಬುವ ಮನುಷ್ಯ. ಅವಳು ಹೇಳುತ್ತಿದ್ದಷ್ಟು ಹೊತ್ತೂ ಅವನು ಚಿತ್ರವನ್ನೇ ನೋಡುತ್ತಿದ್ದನಂತೆ.

ಚಿತ್ರ ಸರಳವಾಗಿತ್ತು. ಒಂದು ಮೊಟ್ಟೆಯಾಕಾರದ ತಲೆ, ಕತ್ತು, ಎರಡು ಭುಜ. ತಲೆಯ ಮೇಲೆ ಒಂದು ಬಾಣ, ಕಾಗದದ ಎಡಗಡೆಗೆ. ಕೆಳಗೆ ಎರಡು ಸಾಲು: ತಲೆ ಈ ಕಡೆ ತಿರುಗಿಸಿ, ಗದ್ದ ಇಳಿಸಿ, ಅರ್ಧ ಚಮಚ. ಥೇಟ್ ನಮ್ಮ ಅಂಗಡಿಯ ಅಳತೆ ಪುಸ್ತಕದ ಚಿತ್ರದ ಹಾಗೇ ಇತ್ತು. ಹೊಲಿಗೆಯವರಿಗೆ ಇಷ್ಟು ಸಾಲದೆ ಅಂದುಕೊಂಡೆ.

ಅಜ್ಜಿಯ ಎಡಕ್ಕೆ ಕಿಟಕಿ, ಬಲಕ್ಕೆ ಬಾಗಿಲು. ಮಂಗಳವಾರ ಮಧ್ಯಾಹ್ನ ನಾನು ಅವಳ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ತಲೆಯನ್ನು ಎಡಕ್ಕೆ, ಕಿಟಕಿಯ ಕಡೆಗೆ ತಿರುಗಿಸಿ, ಗದ್ದ ಇಳಿಸಿ, ನರ್ಸ್ ಪುಡಿ ಹಾಕಿ ಕಲಸಿಕೊಟ್ಟ ಗಟ್ಟಿ ನೀರನ್ನು ಅರ್ಧ ಚಮಚ ಬಾಯಿಗಿಟ್ಟೆ. ಅಜ್ಜಿ ನುಂಗಿದಳು. ಮರುಕ್ಷಣ ಕೆಮ್ಮು. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂತು. ನರ್ಸ್ ಬಂದು ಬೆನ್ನು ತಟ್ಟಿ, "ಇವತ್ತಿಗೆ ಸಾಕು, ಸಂಜೆ ನೋಡೋಣ" ಅಂದರು.

ಸಂಜೆ ಮಾವನ ಸರದಿಯಲ್ಲೂ ಕೆಮ್ಮು. ಬುಧವಾರ ಬೆಳಿಗ್ಗೆ ಅಮ್ಮನ ಸರದಿಯಲ್ಲೂ ಕೆಮ್ಮು. ಇನ್ನೊಂದು ಸಲ ಹೀಗಾದರೆ ಚಮಚ ನಿಲ್ಲಿಸಿಬಿಡುತ್ತೇನೆ ಅಂತ ನರ್ಸ್ ಅಮ್ಮನಿಗೆ ಹೇಳಿದ್ದರು. ಮಾವ ಅಮ್ಮನ ಚೀಲದ ಕಡೆ ನೋಡಿದ. ಪತ್ರ ಅದರಲ್ಲೇ ಇತ್ತು.

ಅಂಗಡಿಯಲ್ಲಿ ನರ್ಸಿಂಗ್ ಶಾಲೆಯ ನಲವತ್ತು ಸಮವಸ್ತ್ರ ಬಾಕಿ ಇದ್ದವು. ಅಜ್ಜಿಯಿಲ್ಲದ ಮೇಜಿನ ಮುಂದೆ ನಿಂತು ಬಟ್ಟೆಯ ಮೇಲೆ ಅಂಗೈಯಿಟ್ಟೆ. ಅಜ್ಜಿಯ ಮಾತು ಹೇಳಲು ಹೋದರೆ ಬೈಗುಳ ಬಂತು. "ಅರವತ್ತು ವರ್ಷ ದಿನಾ ಬೆಳಿಗ್ಗೆ ನಿನ್ನ ಕೂಗಿದಾಳೆ. ಒಂದು ದಿನ ತಪ್ಪಿಸಿಲ್ಲ. ಅರ್ಧ ಚಮಚ ನೀರು ಇಳಿಸೋಕೆ ನಿನಗೇನು ರೋಗ?" ಪ್ರಾರ್ಥನೆ ಅಂದರೆ ಇದೇ ಆದರೆ, ಅವತ್ತು ನನ್ನಷ್ಟು ಪ್ರಾರ್ಥನೆ ಮಾಡಿದವರು ಯಾರೂ ಇರಲಿಕ್ಕಿಲ್ಲ. ಬೈದು ಮುಗಿಸಿ ಹತ್ತು ಜೊತೆ ಕತ್ತರಿಸಿಟ್ಟು ಆಸ್ಪತ್ರೆಗೆ ಹೋದೆ. ಕೈಬಿಡುವ ಜಾತಿಯಲ್ಲ ನಾನು.

ಬುಧವಾರ ಮಧ್ಯಾಹ್ನ ಅಜ್ಜಿ ನನ್ನನ್ನು ನೋಡಿದೊಡನೆ ಮುಖವನ್ನು ಬಾಗಿಲ ಕಡೆ ತಿರುಗಿಸಿದಳು. ನಾನು ಗದ್ದ ಹಿಡಿದು ಕಿಟಕಿಯ ಕಡೆಗೆ ತಂದೆ. ಅವಳು ಮತ್ತೆ ಬಾಗಿಲ ಕಡೆ. ಮತ್ತೆ ತಂದೆ. ಚಮಚ ಹತ್ತಿರ ತಂದರೆ ಎಡಗೈಯಿಂದ ತಳ್ಳಿದಳು. ಗಟ್ಟಿ ನೀರು ಹೊದಿಕೆಯ ಮೇಲೆ ಚೆಲ್ಲಿತು. ಮಂಗಳವಾರ ಸಂಜೆಯಿಂದಲೂ ಇದೇ ಹಟ, ಅಮ್ಮನ ಹತ್ತಿರವೂ ಮಾವನ ಹತ್ತಿರವೂ.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಸಾಯ್ಬೇಕು ಅಂತಿದೀಯಾ?" ಅಂದೆ. ಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು. "ಹೇಳ್ಬಿಡು, ನಾವೂ ಸುಮ್ನಾಗ್ತೀವಿ. ಇಲ್ಲಿ ನಾವು ಮೂರು ಜನ ಅನ್ನ ನಿದ್ದೆ ಬಿಟ್ಟು ಒದ್ದಾಡ್ತಿದೀವಿ, ನೀನು ಮುಖ ತಿರುಗಿಸ್ತೀಯ."

ಹೇಳಿದ ಕೂಡಲೇ ನಾಚಿಕೆಯಾಯಿತು. ಅಜ್ಜಿ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಗೊತ್ತು. ಸಾಯುವವರ ನೋಟವಲ್ಲ ಅದು. ಅಂಗಡಿಯಲ್ಲಿ ನಾನು ಏನಾದರೂ ಎಡವಟ್ಟು ಮಾಡಿ, ಮಾಡಿದ್ದು ನನಗೇ ಗೊತ್ತಿಲ್ಲದೆ ಇದ್ದಾಗ ಹೀಗೇ ನೋಡುತ್ತಿದ್ದಳು. ಆದರೆ ಆ ಕ್ಷಣಕ್ಕೆ ನನಗೆ ಅದು ಹೊಳೆಯಲಿಲ್ಲ. ಗೋಡೆಯ ಮೇಲಿನ ಕಾಗದವನ್ನು ಕಿತ್ತು ಅವಳ ಮುಂದಿನ ಊಟದ ಹಲಗೆಯ ಮೇಲಿಟ್ಟೆ.

"ನೋಡು. ನಾನೇನು ನನ್ನ ತಲೆಯಿಂದ ಹೇಳ್ತಿದೀನಾ? ಹೀಗೇ ಬರ್ಕೊಟ್ಟಿದಾರೆ, ಹೀಗೇ ಮಾಡ್ಬೇಕು."

ಅಜ್ಜಿ ಕಾಗದವನ್ನು ನೋಡಿದಳು. ಎಡಗೈ ನಿಧಾನವಾಗಿ ಹಲಗೆಯ ಮೇಲೆ ಬಂತು. ಎರಡು ಬೆರಳಲ್ಲಿ ಕಾಗದದ ಅಂಚನ್ನು ಹಿಡಿದಳು. ಮೊದಲ ಸಲ ಜಾರಿತು. ಎರಡನೇ ಸಲವೂ ಜಾರಿತು. ಮೂರನೇ ಸಲ ಹಿಡಿದು, ಮಗುಚಿ, ಹಲಗೆಯ ಮೇಲಿಟ್ಟು, ಅದರ ಮೇಲೆ ತೋರುಬೆರಳಿನಿಂದ ಒಂದು ಸಲ ಬಡಿದಳು.

ದಪ್ಪ ಪೆನ್ನಿನ ಶಾಯಿ ತೆಳು ಕಾಗದದ ಹಿಂದಕ್ಕೂ ಇಳಿದಿತ್ತು. ತಲೆ, ಕತ್ತು, ಭುಜ ಎಲ್ಲ ಹಾಗೇ ಕಾಣುತ್ತಿದ್ದವು. ಬಾಣ ಮಾತ್ರ ಬಲಕ್ಕೆ, ಬಾಗಿಲ ಕಡೆಗೆ ತಿರುಗಿತ್ತು.

ನಮ್ಮ ಅಳತೆ ಪುಸ್ತಕದಲ್ಲಿ ಮನುಷ್ಯರಿಗೆ ಮುಖವೇ ಇಲ್ಲ. ಕೋಟು ಕೂತಿದೆಯೋ ಇಲ್ಲವೋ ಗೊತ್ತಾಗುವುದು ಬೆನ್ನಿನಲ್ಲಿ, ಅದಕ್ಕೆ ಎಲ್ಲರನ್ನೂ ಬೆನ್ನ ಕಡೆಯಿಂದಲೇ ಬರೆಯುತ್ತೇವೆ. ಚಿತ್ರದ ಎಡ ಅಂದರೆ ಗಿರಾಕಿಯ ಎಡ. ಆದರೆ ಆಸ್ಪತ್ರೆಯವರು ರೋಗಿಯನ್ನು ಎದುರಿಗೆ ಕೂರಿಸಿಕೊಂಡು ನೋಡುವವರು. ಆ ಹುಡುಗಿ ಬರೆದದ್ದು ಮುಂದಿನಿಂದ. ಅವಸರದಲ್ಲಿ ಕಣ್ಣು ಮೂಗು ಇಟ್ಟಿರಲಿಲ್ಲ, ಅಷ್ಟೇ. ಒಬ್ಬರ ಹಿಂದೆ ಒಬ್ಬರು ಮೂರು ಜನ ದರ್ಜಿಗಳು ಆ ಮುಖವನ್ನು ಬೆನ್ನು ಅಂತ ಓದಿದ್ದೆವು. ಅಜ್ಜಿಯ ಗಂಟಲಿಗೆ ಸರಿಯಾದ ದಾರಿ ಗೊತ್ತಿತ್ತು. ಅವಳು ಆ ಕಡೆ ತಿರುಗಿದಾಗಲೆಲ್ಲ ನಾನು ಗದ್ದ ಹಿಡಿದು ಈ ಕಡೆ ಎಳೆದಿದ್ದೆ.

ಕಾಗದ ಹಿಡಿದುಕೊಂಡು ಓಡಿದೆ. ಎರಡು ಮಹಡಿ ಕೆಳಗೆ ಥೆರಪಿಸ್ಟ್ ಹುಡುಗಿ ಒಂದು ಮಗುವಿಗೆ ಪೀಪಿ ಊದುವುದನ್ನು ಕಲಿಸುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಕೇಳಿದೆ.

"ಈ ಬಾಣ ಅಜ್ಜಿಯ ಯಾವ ಕಡೆಗೆ?"

"ಬಲಕ್ಕೆ" ಅಂದಳು. "ಬಲಗಡೆ ಸೋತಿದೆಯಲ್ಲ, ಆ ಕಡೆ ತಿರುಗಿಸಿದ್ರೆ ಗಂಟಲಿನ ಆ ಭಾಗ ಮುಚ್ಚಿಕೊಳ್ಳುತ್ತೆ, ನೀರು ಶಕ್ತಿಯಿರೋ ಕಡೆಯಿಂದ ಇಳಿಯುತ್ತೆ. ಸೋಮವಾರ ಅಂಕಲ್‌ಗೆ ಹೇಳಿದ್ನಲ್ಲ." ನನ್ನ ಮುಖ ನೋಡಿ ಅವಳ ಧ್ವನಿ ಸಣ್ಣದಾಯಿತು. "ನೀವು ಎಡಕ್ಕೆ ತಿರುಗಿಸಿದ್ರಾ?"

"ಎರಡು ದಿನ."

ಅವಳು ಕುರ್ಚಿಯಲ್ಲಿ ಕೂತುಬಿಟ್ಟಳು. "ನಾನು ಕಣ್ಣು ಮೂಗು ಬರೀಬೇಕಿತ್ತು. ನಿಮ್ಮ ಮುಂದೆ ಒಂದ್ಸಲ ಮಾಡಿ ತೋರಿಸ್ಬೇಕಿತ್ತು. ತಪ್ಪು ನಂದು."

"ನಾವು ಕೇಳ್ಬೇಕಿತ್ತು" ಅಂದೆ. "ತಪ್ಪು ಯಾರದು ಅಂತ ಶುಕ್ರವಾರ ಹಂಚ್ಕೊಳೋಣ. ಈಗ ಮೇಲೆ ಬನ್ನಿ."

ಬಂದಳು. ಅಜ್ಜಿಯ ಎದೆಗೆ ಸ್ಟೆತೊಸ್ಕೋಪ್ ಇಟ್ಟು ಕೇಳಿಸಿಕೊಳ್ಳಲು ಡಾಕ್ಟರನ್ನೂ ಕರೆಸಿದಳು. ಶ್ವಾಸಕೋಶ ಸ್ವಚ್ಛವಾಗಿತ್ತು. "ಪರೀಕ್ಷೆ ಮುಂದಕ್ಕೆ ಹಾಕೋಣ್ವಾ?" ಅಂತ ಡಾಕ್ಟರು ಅಜ್ಜಿಯನ್ನೇ ಕೇಳಿದರು. ಅಜ್ಜಿ ಅಡ್ಡಡ್ಡ ತಲೆಯಾಡಿಸಿದಳು. ಆಮೇಲೆ ತಾನಾಗಿಯೇ ಮುಖವನ್ನು ಬಾಗಿಲ ಕಡೆ ತಿರುಗಿಸಿ, ಗದ್ದ ಇಳಿಸಿ, ನನಗೋಸ್ಕರ ಕಾದಳು. ಅರ್ಧ ಚಮಚ ಕೊಟ್ಟೆ. ಕತ್ತು ಒಂದು ಸಲ ಮೇಲೆದ್ದು ಇಳಿಯಿತು. ಕೆಮ್ಮು ಬರಲಿಲ್ಲ.

ನಾನು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನೂ ಬಿಟ್ಟು ದೇವರನ್ನೇ ಡೊಂಕು ಅಂದಿದ್ದೆ. ಅವನು ಅಜ್ಜಿಯ ಎಡಗೈಯಲ್ಲಿ ಎರಡು ಬೆರಳನ್ನು ಸರಿಯಾಗಿ ಉಳಿಸಿಕೊಟ್ಟಿದ್ದ. ಕಾಗದ ಮಗುಚುವುದು ನನ್ನ ಕೆಲಸವಾಗಿತ್ತು. ತಪ್ಪಾಯ್ತು ಅಂದೆ, ದೇವರಿಗೂ, ಅಜ್ಜಿಗೂ.

ಸಂಜೆಯೊಳಗೆ ನರ್ಸ್ ಪಕ್ಕದಲ್ಲಿ ನಿಂತು ನೋಡುತ್ತಿದ್ದ ಹಾಗೆಯೇ ಮಾವ ನಾಲ್ಕು ಸಲ ಕೊಟ್ಟ, ಪ್ರತಿ ಸಲವೂ ಅರ್ಧರ್ಧ ಚಮಚ. ಮೂರು ಇಳಿದವು, ಒಂದಕ್ಕೆ ಸ್ವಲ್ಪ ಕೆಮ್ಮು. ಮಾವ ತನ್ನ ಪೆನ್ನಿನಿಂದ ಆ ಖಾಲಿ ತಲೆಗೆ ಎರಡು ಕಣ್ಣು, ಒಂದು ಮೂಗು, ಅಜ್ಜಿಗಿದ್ದ ಹಾಗೇ ದೊಡ್ಡ ಕಿವಿ ಬರೆದು ಗೋಡೆಗೆ ಅಂಟಿಸಿದ. ಅಜ್ಜಿ ಅದನ್ನು ನೋಡಿ ಅರ್ಧ ಬಾಯಲ್ಲಿ ನಕ್ಕಳು. ಕಿವಿಯ ವಿಷಯದಲ್ಲಿ ಅವಳಿಗೆ ಮೊದಲಿಂದಲೂ ಬೇಸರ.

ಗುರುವಾರ ಹತ್ತು ಗಂಟೆಗೆ ಎಕ್ಸ್‌ರೇ ಕೋಣೆಗೆ ಮನೆಯವರಲ್ಲಿ ಒಬ್ಬರಿಗೆ ಮಾತ್ರ ಪ್ರವೇಶ ಅಂದರು. ಅಮ್ಮ ಮುಂದೆ ಹೋಗುತ್ತಾಳೆ ಅಂದುಕೊಂಡಿದ್ದೆ. ಅವಳು ಹಿಂದೆ ಸರಿದು ನನ್ನ ಬೆನ್ನಿಗೆ ಕೈಯಿಟ್ಟು ತಳ್ಳಿದಳು. "ನೀನು ಹೋಗು. ನೀನು ಜಗಳ ಆಡೋದನ್ನ ಕೇಳಿ ಕೇಳಿ ದೇವ್ರಿಗೂ ಅಭ್ಯಾಸ ಆಗಿರುತ್ತೆ" ಅಂದಳು.

ಸೀಸದ ಭಾರದ ಮೇಲಂಗಿ ಕೊಟ್ಟರು. ಅದರ ಭುಜದ ಹೊಲಿಗೆ ನೋಡಿದರೆ ಅಜ್ಜಿ ಬಿಚ್ಚಿ ಮತ್ತೆ ಹೊಲಿ ಅನ್ನುತ್ತಿದ್ದಳು. ಅವಳನ್ನು ಕುರ್ಚಿಯಲ್ಲಿ ಕೂರಿಸಿದರು. ಪಕ್ಕಕ್ಕೆ ಎಕ್ಸ್‌ರೇ ಚಿತ್ರ ಕಾಣುವ ಪರದೆ, ಅದರ ಮುಂದೆ ಡಾಕ್ಟರು. ಥೆರಪಿಸ್ಟ್ ಹುಡುಗಿ ಮೊದಲ ಚಮಚ ತುಂಬಿದಳು. ಅಜ್ಜಿ ಬಾಯಿ ತೆರೆಯಲಿಲ್ಲ.

"ಅಜ್ಜಿ, ಬಾಯಿ ತೆಗೀರಿ" ಅಂದಳು ಹುಡುಗಿ.

ಅಜ್ಜಿ ಎಡಗೈಯನ್ನು ಎತ್ತಿ ಮುಂದಿನ ಹಲಗೆಯ ಮೇಲೆ ಅಂಗೈ ಚಾಚಿ ಇಟ್ಟಳು. ಕಣ್ಣು ಮುಚ್ಚಿದಳು. ತುಟಿ ಅದುರಿತು, ಬರೀ ಉಸಿರು ಬಂತು. ಮತ್ತೆ ಪ್ರಯತ್ನ ಮಾಡಿದಳು. ಹನ್ನೊಂದು ದಿನದ ಹಿಂದೆ ಅರ್ಧಕ್ಕೆ ನಿಂತ ಮಾತು ಅಲ್ಲೇ ಸಿಕ್ಕಿಹಾಕಿಕೊಂಡಿತ್ತು.

ನಾನು ಹೋಗಿ ಅವಳ ಕೈಯ ಮೇಲೆ ನನ್ನ ಕೈಯಿಟ್ಟೆ. ಡಾಕ್ಟರು, ಹುಡುಗಿ, ಯಂತ್ರದವನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಕೊಟ್ಟೋನು ನೀನು, ಕತ್ತರಿಸೋಳು ನಾನು, ಕೈ ಮಾತ್ರ ನಿಂದಿರ್ಲಿ."

ಅಜ್ಜಿ ಕಣ್ಣು ತೆರೆದಳು. ಮುಖ ಬಲಕ್ಕೆ ತಿರುಗಿಸಿ, ಗದ್ದ ಇಳಿಸಿ, ಬಾಯಿ ತೆರೆದಳು.

ಮೊದಲನೆಯ ಚಮಚ ಪರದೆಯ ಮೇಲೆ ಕಪ್ಪು ಗೆರೆಯಾಗಿ ನೇರ ಇಳಿಯಿತು. ಎರಡನೆಯದು ಗಂಟಲಲ್ಲಿ ನಿಂತಿತು. "ಇನ್ನೊಂದ್ಸಲ ನುಂಗಿ ಅಜ್ಜಿ, ಜೋರಾಗಿ" ಅಂದಳು ಹುಡುಗಿ. ಅಜ್ಜಿ ಹುಬ್ಬು ಗಂಟಿಕ್ಕಿ, ದಪ್ಪ ಬಟ್ಟೆಗೆ ಸೂಜಿ ಚುಚ್ಚುವಾಗ ಮಾಡುವ ಮುಖ ಮಾಡಿ, ಮತ್ತೊಮ್ಮೆ ನುಂಗಿದಳು. ಇಳಿಯಿತು. ಮೂರನೆಯದೂ ಇಳಿಯಿತು.

ಡಾಕ್ಟರು ಪರದೆಯ ಮೇಲಿನ ಚಿತ್ರವನ್ನು ಎರಡು ಸಲ ಹಿಂದಕ್ಕೆ ಓಡಿಸಿ ನೋಡಿದರು. "ಗಟ್ಟಿ ಆಹಾರ ಈಗಲೇ ಬೇಡ. ನೀರು, ಚಹಾ ಹಾಗೇ ಕುಡಿಸ್ಬೇಡಿ. ಕಲಸಿದ್ದು ಮಾತ್ರ, ತಲೆ ಬಲಕ್ಕೆ, ಆರು ವಾರ" ಅಂದರು. "ಹೊಟ್ಟೆಗೆ ನಳಿಕೆ ಬೇಡ."

ಹೊರಗೆ ಅಮ್ಮ ನಮ್ಮ ಮುಖ ನೋಡಿದವಳೇ ಚೀಲದಿಂದ ಪತ್ರ ತೆಗೆದು ಮಾವನ ಕೈಗೆ ಕೊಟ್ಟಳು. ಮಾವ ಅದನ್ನು ಸಣ್ಣ ಸಣ್ಣದಾಗಿ ಹರಿದು ಜೇಬಿಗೆ ಹಾಕಿಕೊಂಡ. ಅಳುತ್ತಿದ್ದ, ಒರೆಸಿಕೊಳ್ಳಲೂ ಇಲ್ಲ.

ನಾನು ಗಾಲಿಕುರ್ಚಿ ತಳ್ಳುತ್ತ ವಾರ್ಡಿಗೆ ಹೊರಟೆ. ಲಿಫ್ಟಿನ ಮುಂದೆ ಅಜ್ಜಿ ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದಳು. ಉಸಿರು ಬಿಟ್ಟರೆ ಬೇರೇನೂ ಬರಲಿಲ್ಲ. ಅವಳಿಗೆ ಸಿಟ್ಟು ಬಂತು. ನಾನು ಮುಂದೆ ಬಂದು ಬಗ್ಗಿದೆ. "ಏನಜ್ಜಿ? ನೀರು ಬೇಕಾ? ಚಳಿನಾ?"

ಅಲ್ಲ ಅಂತ ತಲೆಯಾಡಿಸಿದಳು. ಎಡಗೈಯನ್ನು ಚಾಚಿ, ನನ್ನ ಬಲಗೈಯನ್ನು ದಾಟಿ, ಎಡತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದಳು. ನನಗೆ ತಕ್ಷಣ ಅರ್ಥವಾಗಲಿಲ್ಲ. ಅವಳು ಬಿಡಲಿಲ್ಲ. ಅದೇ ತೋಳನ್ನು ಹಿಡಿದು ಮತ್ತೆ ಎಳೆದು, ನನ್ನ ಮುಖ ನೋಡಿ, ಅರ್ಧ ಬಾಯಲ್ಲಿ ನಕ್ಕಳು.

ಹನ್ನೆರಡು ವರ್ಷ ಆ ಹೆಸರಿಗೆ ಉರಿದುಬಿದ್ದವಳು ನಾನು.

"ಹೂಂ ಅಜ್ಜಿ" ಅಂದೆ. "ಇಲ್ಲೇ ಇದೀನಿ."